ಬೀಗ ಬಿದ್ದ ಓವನ್ನು, ಮಾತು ಕೇಳದ ಅಣ್ಣ

ಓವನ್ ರಿಪೇರಿ ಶುರುಮಾಡಿ ಅವಳಿಗೆ ಹತ್ತೊಂಬತ್ತು ವರ್ಷವಾಗಿತ್ತು. ಮಾವನಿಂದ ಕಲಿತ ಕೆಲಸ. ಬೀದಿಯವರಿಗೆಲ್ಲ ಅವಳು ಓವನಕ್ಕ. ಯಂತ್ರಗಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಜನರ ಮೇಲಿತ್ತು. ಒತ್ತಿದರೆ ಓವನ್ನು ಭಾರೀ ಬಿಸಿಯಾಗಿ, ಒಳಗಿನ ಜಿಡ್ಡನ್ನು ಸುಟ್ಟು ಬೂದಿ ಮಾಡಿ ತಾನೇ ಸ್ವಚ್ಛವಾಗುವ ಗುಂಡಿಯೊಂದಿದೆ ಎಂದು ಗೊತ್ತಾದರೆ ಸಾಕು, ವರ್ಷದ ಜಿಡ್ಡನ್ನು ಹಾಗೇ ಬಿಟ್ಟು ಒತ್ತಿಬಿಡುತ್ತಿದ್ದರು. ಹೊಗೆ ಎದ್ದ ಮೇಲೆ ಇವಳ ನೆನಪು. ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು.

ಹೊರಗಿನವರದ್ದು ಹೇಗೋ ಸಹಿಸಬಹುದು. ಆದರೆ ಒಂದು ಶನಿವಾರ ಬೆಳಿಗ್ಗೆ ಫೋನು ಮಾಡಿದವನು ಒಡಹುಟ್ಟಿದ ಅಣ್ಣ, ನಿವೃತ್ತ ಗಣಿತದ ಮೇಷ್ಟ್ರು. ಅತ್ತಿಗೆ ತೀರಿಕೊಂಡ ಮೇಲೆ ಒಂದು ಜೋಡಿ ಹಳದಿ ಹಕ್ಕಿ ಸಾಕಿಕೊಂಡು, ಓವನ್ನಿನಲ್ಲಿ ತಾನೇ ಬ್ರೆಡ್ಡು ಬೇಯಿಸಿಕೊಂಡು ಇದ್ದ.

"ಆ ಸ್ವಚ್ಛ ಮಾಡೋ ಗುಂಡಿ ಒತ್ತಿದ್ದೆ, ಈಗ ಓವನ್ ಬಾಗಿಲು ತೆಗೆಯೋಕೆ ಬರ್ತಾ ಇಲ್ಲ. ಹೊಗೆ ಬೇರೆ. ಸ್ಕ್ರೂಡ್ರೈವರ್ ಹಾಕಿ ಮೀಟ್ತಾ ಇದೀನಿ."

"ಮೊದ್ಲು ಮೀಟೋದು ನಿಲ್ಸು. ಬಿಸಿ ಇಳಿಯೋವರೆಗೂ ಅದು ಬೀಗ ಹಾಕ್ಕೊಂಡೇ ಇರತ್ತೆ, ನಿನ್ನ ಮುಖ ಸುಡ್ಬಾರ್ದು ಅಂತ. ಆಫ್ ಮಾಡಿ ಕಿಟಕಿ ತೆಗಿ. ಹಕ್ಕಿ ಎಲ್ಲಿವೆ?"

"ಇಲ್ಲೇ, ಅಡುಗೆಮನೇಲಿ. ಯಾಕೋ ಮಂಕಾಗಿವೆ."

"ಅಯ್ಯೋ ಅಣ್ಣ, ಆ ಹೊಗೆ ಅವಕ್ಕೆ ವಿಷ ಕಣೋ. ಪಂಜರ ಈಗಲೇ ಹೊರಗಿಡು."

ಅವಳು ತಲುಪಿದಾಗ ಪಂಜರ ಬಾಲ್ಕನಿಯಲ್ಲಿತ್ತು. ಓವನ್ನು ತಣ್ಣಗಾಗಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ಅವನು ನಾಲ್ಕು ಸಲ ಹಿಡಿಕೆಗೆ ಕೈ ಹಾಕಿದ, ನಾಲ್ಕು ಸಲವೂ ಅವಳು ಎಳೆದು ಕೂರಿಸಿದಳು. ಕೊನೆಗೆ ಬಾಗಿಲು ತೆರೆದರೆ ಒಳಗೆ ತಟ್ಟೆ ಇಡುವ ಜಾಲರಿಗಳು ಕಪ್ಪಗೆ ಕಮರಿದ್ದವು, ತಳದಲ್ಲಿ ಹಾಸಿದ್ದ ಫಾಯಿಲ್ ಅಂಟಿಕೊಂಡಿತ್ತು.

"ಗುಂಡಿ ಒತ್ತೋ ಮುಂಚೆ ಜಾಲರಿ ಹೊರಗೆ ತೆಗೀಬೇಕು. ಫಾಯಿಲ್ ಇರಬಾರ್ದು. ಜಿಡ್ಡು ಒರೆಸಬೇಕು, ಬರೀ ಒದ್ದೆ ಬಟ್ಟೇಲಿ, ಸ್ಪ್ರೇ ಹೊಡೀಬಾರ್ದು. ಎಷ್ಟು ಸಲ ಹೇಳಿದ್ದೆ?"

"ತಾನೇ ಸ್ವಚ್ಛ ಆಗತ್ತೆ ಅಂತ ಗುಂಡಿ ಮೇಲೆ ಬರೆದಿದೆ. ನಾನೇ ಒರೆಸೋದಾದ್ರೆ ಅದ್ಯಾಕೆ?"

ಓವನ್ನಿನ ಜೊತೆ ಬಂದ ಕೈಪಿಡಿ ಪ್ಲಾಸ್ಟಿಕ್ ಚೀಲದಿಂದ ಹೊರಗೇ ಬಂದಿರಲಿಲ್ಲ.

"ಪ್ರಶ್ನೆ ಪೂರ್ತಿ ಓದ್ರೋ ಅಂತ ಮಕ್ಕಳ ಕಿವಿ ಹಿಂಡ್ತಿದ್ದೋನು ನೀನೇ ಅಲ್ವಾ?" ಎಂದಳು.

ಮಧ್ಯಾಹ್ನ ಒಂದು ಹಕ್ಕಿ ಸತ್ತಿತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಾಲ್ಕನಿಯಲ್ಲಿ ಕೂತ. ಬೈಯಬೇಕೆಂದಿದ್ದವಳು ಬೈಯದೆ ಕೆಲಸದ ಚೀಲ ಬಿಚ್ಚಿದಳು. ಅತಿಬಿಸಿಗೆ ಸುಟ್ಟುಹೋಗಿದ್ದ ಓವನ್ನಿನ ಫ್ಯೂಸ್ ಬದಲಿಸಿ, ಫಾಯಿಲನ್ನು ಕೆರೆದು ತೆಗೆದು, ಅವನಿಗೆ ಒಂದು ಲೋಟ ಚಹಾ ಕೊಟ್ಟು ಮನೆಗೆ ಹೊರಟಳು.

ಈಗ ಅವನು ಎಲ್ಲವನ್ನೂ ಕೈಪಿಡಿಯಂತೆ ಮಾಡುತ್ತಾನೆ. ಹಗಲಿನಲ್ಲೇ, ಮನೆಬಿಟ್ಟು ಕದಲದೆ, ಉಳಿದ ಹಕ್ಕಿಯನ್ನು ಪಕ್ಕದ ಮನೆಯಲ್ಲಿಟ್ಟು. ಆದರೆ ಗುಂಡಿ ಒತ್ತಿದ ಮೇಲೆ ಕಾಲು ಗಂಟೆಗೊಮ್ಮೆ ತಂಗಿಗೆ ಫೋನು.

"ಸ್ವಲ್ಪ ವಾಸನೆ ಬರ್ತಿದೆ. ಅದು ಬರಬೇಕಾ?"

"ಬರಬೇಕು," ಎನ್ನುತ್ತಾಳೆ ಅವಳು, ಬೇರೆಯವರ ಓವನ್ನಿನೊಳಗೆ ಅರ್ಧ ತಲೆ ತೂರಿಸಿಕೊಂಡು. "ಇಡು ಫೋನು."