ಹಿತ್ತಲ ಕೋಣೆಯ ಚಾಪೆ

ಚಿತ್ತಾಪುರದ ನಮ್ಮ ಮನೆಯಲ್ಲಿ ಹಿತ್ತಲ ಬಾಗಿಲಿಗೆ ಹತ್ತಿಕೊಂಡು ಒಂದು ಸಣ್ಣ ಕೋಣೆ ಇತ್ತು. ಅದರಲ್ಲಿ ಒಂದು ಈಚಲ ಚಾಪೆ, ಒಂದು ತಂಬಿಗೆ, ಒಂದು ತಟ್ಟೆ. ಮುಟ್ಟಾದ ಹೆಂಗಸು ಮೂರು ದಿನ ಅಲ್ಲಿ ಕೂಡಬೇಕು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಆ ಚಾಪೆಯನ್ನಂತೂ ಮಡಿಯವರು ಎಂದೂ ಮುಟ್ಟುತ್ತಿರಲಿಲ್ಲ. ನಮ್ಮ ಓಣಿಯ ವೈಷ್ಣವರ ಮನೆಗಳಲ್ಲೆಲ್ಲ ಹೀಗೇ. ಹಾಗಾಗಿ ಯಾವ ಸೊಸೆ ಯಾವ ತಿಂಗಳು ಹೊರಗಾದಳು, ಯಾವ ತಿಂಗಳು ಆಗಲಿಲ್ಲ ಎಂಬುದು ಓಣಿಗೆಲ್ಲ ಗೊತ್ತಿರುತ್ತಿತ್ತು.

ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದು ಊರಿನ ಸರ್ಕಾರಿ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಈ ಆಚಾರದಲ್ಲಿ ನನಗೆ ನಂಬಿಕೆ ಇರಲಿಲ್ಲ. ಆದರೂ ಮದುವೆಯಾಗಿ ಐದಾರು ವರ್ಷ ಕಳೆದರೂ ಮಕ್ಕಳಾಗದೆ, ಹೆಂಡತಿಯನ್ನು ಶಹಾಬಾದಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಾಗ, ನಾನು ಆಧಾರವಾಗಿ ಹಿಡಿದದ್ದು ಆ ಕೋಣೆಯನ್ನೇ.

ಡಾಕ್ಟರಮ್ಮ ಹೈದರಾಬಾದಿನವರು, ಮಾತೆಲ್ಲ ಉರ್ದುವಿನಲ್ಲಿ. ನನ್ನ ಹೆಂಡತಿ ಚಿಮ್ಮನಚೋಡದ ಹುಡುಗಿ, ಕನ್ನಡ ಬಿಟ್ಟರೆ ಸಂತೆಗೆ ಬೇಕಾದಷ್ಟು ತೆಲುಗು. ಆದ್ದರಿಂದ ಪ್ರಶ್ನೆ ಅವಳಿಗೆ, ಉತ್ತರ ನನ್ನದು.

"ತಿಂಗಳು ತಿಂಗಳು ಸರಿಯಾಗಿ ಆಗುತ್ತದೆಯೇ?"

"ಸರಿಯಾಗಿ ಆಗುತ್ತದೆ," ಎಂದೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಪ್ರತಿ ತಿಂಗಳೂ ಅವಳು ಹೊರಗೆ ಕೂತದ್ದನ್ನು ನಾನೇ ನೋಡಿದ್ದೆನಲ್ಲ. ಡಾಕ್ಟರಮ್ಮ ಅದನ್ನು ನಂಬಿ ಒಂದು ಶೀಷೆ ಕೊಟ್ಟರು. ಮುಟ್ಟಾದ ದಿನದಿಂದ ಲೆಕ್ಕ ಹಿಡಿದು, ತಿಂಗಳ ಕೊನೆಯ ಭಾಗದಲ್ಲಿ ನಮ್ಮೂರ ಕಂಪೌಂಡರನ ಕೈಯಲ್ಲಿ ಚುಚ್ಚಿಸಬೇಕು ಎಂದರು. ಹಾರ್ಮೋನ್ ಎಂಬ ಶಬ್ದವನ್ನು ನಾನು ಒಬ್ಬರ ಬಾಯಿಂದ ಕೇಳಿದ್ದು ಅಂದೇ ಮೊದಲು.

ಚಿತ್ತಾಪುರಕ್ಕೆ ಬರಲು ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. ಮುಂದಿನ ಮಾತು ನಡೆದದ್ದು ವಾಡಿಯ ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ, ಬಿಸಿಲಿನಲ್ಲಿ ಎಂದು ನನ್ನ ನೆನಪು. ಅಲ್ಲ, ಅಂದು ಮಳೆ ಬಂದಿತ್ತು, ನಾವು ಚಹಾದಂಗಡಿಯ ತಗಡಿನ ಕೆಳಗೆ ನಿಂತಿದ್ದೆವು ಎಂದು ಹೆಂಡತಿ ಈಗಲೂ ಹೇಳುತ್ತಾಳೆ. ಅವಳದೇ ಸರಿ ಇರಬೇಕು. ವಾಡಿಯ ಬಿಸಿಲಿನಲ್ಲಿ ಆ ಕಲ್ಲಿನ ಮೇಲೆ ಯಾರೂ ಕೂಡಲಾರರು. ಆದರೆ ನನ್ನ ಕಣ್ಣಿಗೆ ಕಾಣುವುದು ಬಿಸಿಲೇ.

"ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಎಂದಳು. "ನೀವು ಅವರಿಗೆ ಹೇಳಿದ್ದು ಖರೇ ಅಲ್ಲ. ನಂಗ ತಿಂಗಳಾ ಬರಂಗಿಲ್ಲ. ನಾಕ್ ತಿಂಗಳಿಗೊಮ್ಮಿ ಬಂದ್ರ ಬಂತು."

"ಮತ್ತ ತಿಂಗಳಾ ಹೊರಗ ಕೂಡ್ತೀಯಲ್ಲ?"

"ಕೂಡೂದು ಖರೇ. ಬರೂದು ಖರೇ ಅಲ್ಲ."

ಮದುವೆಯಾದ ಹೊಸತರಲ್ಲಿ ಎರಡು ಮೂರು ತಿಂಗಳು ಅವಳು ಹೊರಗಾಗಿರಲಿಲ್ಲ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಆಮೇಲೆ ಮುಟ್ಟು ಬಂತು. ಓಣಿ ಮರುಗಿತು, ಅವ್ವ ಊಟ ಬಿಟ್ಟಳು, ಗುಂಡಗುರ್ತಿಯಿಂದ ನನ್ನ ಸೋದರಮಾವ ಬೇರೊಂದು ಹುಡುಗಿಯ ಜಾತಕ ಹಿಡಿದುಕೊಂಡು ಬಂದ. ಅವ್ವ ಬೇಡವೆನ್ನಲಿಲ್ಲ, ನೋಡೋಣ ಎಂದಳು. ನಾನು ಹಾರಾಡಿ ಆ ಮಾತನ್ನು ನಿಲ್ಲಿಸಿದ್ದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಹೆಂಡತಿಗೆ ಮುಗಿದಿರಲಿಲ್ಲ. ಅಂದಿನಿಂದ ಅವಳು ಹುಣ್ಣಿಮೆ ನೋಡಿಕೊಂಡು ಪ್ರತಿ ತಿಂಗಳೂ ಹೊರಗೆ ಕೂಡತೊಡಗಿದಳು. ಬಸುರಿಯೆಂಬ ಆಸೆಯನ್ನೂ ಯಾರಿಗೂ ಹುಟ್ಟಿಸಬಾರದು, ಮುಟ್ಟೇ ನಿಂತ ಹೆಂಗಸು ಎಂದೂ ಅನ್ನಿಸಿಕೊಳ್ಳಬಾರದು.

"ಮೂರು ದಿನ ಒಲಿ ಮುಂದ ಕೂಡೂದು ತಪ್ಪತದ, ಅದೊಂದು ಸುಖ," ಎಂದು ನಕ್ಕಳು. ಕೂಡಲೇ ನಗು ನಿಲ್ಲಿಸಿ, "ಅತ್ತಿಯವರಿಗೆ ಗೊತ್ತಾಗಬಾರದ್ರಿ. ಗೊತ್ತಾದ್ರ ಗುಂಡಗುರ್ತಿ ಮಾವ ಮತ್ತ ಬರ್ತಾರ," ಎಂದಳು.

ಚೀಲದಲ್ಲಿದ್ದ ಶೀಷೆ ತಿಂಗಳು ತಿಂಗಳು ಸರಿಯಾಗಿ ಆಗುವ ಬೇರೆ ಯಾವಳೋ ಹೆಂಗಸಿಗೆ ಒಪ್ಪುವಂಥದಾಗಿತ್ತು. ನಾವು ಚಿತ್ತಾಪುರದ ಗಾಡಿಯನ್ನು ಬಿಟ್ಟು ಮತ್ತೆ ಶಹಾಬಾದಿಗೆ ಹೋದೆವು.

ಡಾಕ್ಟರಮ್ಮ ನನ್ನ ಮಾತನ್ನು ಅರ್ಧಕ್ಕೇ ತಡೆದರು. "ಮಾಸ್ಟರ್ ಸಾಹೇಬ್, ನೀವು ಹೊರಗೆ ಕೂತುಕೊಳ್ಳಿ," ಎಂದು ಬಾಗಿಲು ಮುಚ್ಚಿ, ರಾವೂರಿನ ಆಯಾಳನ್ನು ದುಭಾಷಿಯಾಗಿ ಕರೆದುಕೊಂಡರು. ಒಳಗೆ ಬಹಳ ಹೊತ್ತು ಮಾತು ನಡೆಯಿತು. ಆಯಾಳ ದನಿ ಮಾತ್ರ ಕೇಳುತ್ತಿತ್ತು: "ನಾಚಿಕೊಂಡ್ರ ಹ್ಯಾಂಗವ್ವ, ಬಾಯಿ ಬಿಟ್ಟು ಹೇಳು."

ಚಿಕಿತ್ಸೆ ಬದಲಾಯಿತು. ಮೊದಲು ಒಂದು ಬಗೆಯ ಸೂಜಿ ಕೆಲವು ವಾರ, ಅದು ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಆಮೇಲೆ ಇನ್ನೊಂದು ಬಗೆಯದು, ಅದು ಆ ಪದರವನ್ನು ಹದ ಮಾಡುತ್ತದೆ. ಸೂಜಿ ನಿಲ್ಲಿಸಿದ ಮೇಲೆ ಮುಟ್ಟು ಬರಬೇಕು. "ಬಂದರೆ ಗರ್ಭಕೋಶ ಸರಿಯಾಗಿದೆ ಎಂದು ತಿಳಿಯುತ್ತದೆ," ಎಂದರು ಡಾಕ್ಟರಮ್ಮ. "ಹೀಗೆ ಕೆಲವು ತಿಂಗಳು ಮಾಡಿ ನೋಡೋಣ, ಆಮೇಲೆ ಮೈ ತಾನಾಗಿ ನಡೆದರೂ ನಡೆಯಬಹುದು. ಮಗು ಆಗುತ್ತದೆ ಎಂದು ಮಾತ್ರ ನಾನು ಹೇಳಲಾರೆ." ನನಗೆ ಆ ಕೊನೆಯ ಮಾತು ಹಿಡಿಸಿತು, ಹಾಗೆ ಹೇಳಿದವರನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಹೆಂಡತಿಗೆ ಹಿಡಿಸಲಿಲ್ಲ. ಗಾಡಿಯಲ್ಲಿ ಊರು ಬರುವವರೆಗೂ ಕಿಟಕಿಯ ಕಡೆ ತಿರುಗಿ ಕೂತಿದ್ದಳು.

ಔಷಧ ಎಣ್ಣೆಯಲ್ಲಿ ಕರಗಿಸಿದ್ದು, ಮಂದ. ಕಂಪೌಂಡರ್ ಶೀಷೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು ಚುಚ್ಚುತ್ತಿದ್ದ. ಚುಚ್ಚಿದ ಜಾಗ ಗಂಟು ಕಟ್ಟುತ್ತಿತ್ತು, ಅವಳಿಗೆ ಆ ಮಗ್ಗುಲಾಗಿ ಮಲಗಲು ಆಗುತ್ತಿರಲಿಲ್ಲ. ಬೆಳಿಗ್ಗೆ ಹೊಟ್ಟೆ ತೊಳಸುತ್ತಿತ್ತು, ಎದೆ ಭಾರವೆನ್ನುತ್ತಿದ್ದಳು. ಅವ್ವ ಅದನ್ನು ಕಂಡು ಬೇರೆಯೇ ಅರ್ಥ ಮಾಡಿಕೊಂಡು, ಹಾಲಿನ ಕೆನೆ ತೆಗೆದು ಅವಳ ತಟ್ಟೆಗೆ ಹಾಕತೊಡಗಿದಳು.

ಒಂದು ಬೆಳಿಗ್ಗೆ ಹಿತ್ತಲ ಕಡೆ ಹೋದಾಗ ಹೆಂಡತಿ ಆ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದಳು. ನನ್ನನ್ನು ನೋಡಿ ಮೆಲ್ಲಗೆ, "ಇದು ಖರೇ," ಎಂದಳು. ಮುಖ ಬಿಳುಚಿತ್ತು, ಕಣ್ಣು ಹೊಳೆಯುತ್ತಿದ್ದವು. ಒಳಗೆ ಬಂದರೆ ಅವ್ವ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಮತ್ತ ಕೂತಾಳಲ್ಲೋ. ಅಷ್ಟು ಚುಚ್ಚಿಸಿಕೊಂಡು ಏನು ಬಂತು?"

ಬರಬೇಕಾದದ್ದೇ ಬಂದಿದೆ ಎಂದು ಹೇಳುವಂತಿರಲಿಲ್ಲ. "ನೋಡೋಣ ಬಿಡವ್ವ," ಎಂದು ಶಾಲೆಗೆ ಹೊರಟೆ.

ಹೀಗೆ ಕೆಲವು ತಿಂಗಳು ಕಳೆದವು. ಅಷ್ಟರಲ್ಲಿ ವಿಲಾಯಿತಿಯಲ್ಲಿ ಯುದ್ಧ ಶುರುವಾಗಿ, ಮುಂಬಯಿಗೆ ಬರುತ್ತಿದ್ದ ಆ ಶೀಷೆಗಳು ಮೊದಲು ತಡವಾದವು, ಆಮೇಲೆ ನಿಂತೇಹೋದವು. ಡಾಕ್ಟರಮ್ಮ ಬೇರೆ ಮಾತ್ರೆ ಕೊಟ್ಟು ನೋಡಿದರು. ಹೆಂಡತಿಯ ಮೈ ತಾನಾಗಿ ನಡೆಯಲಿಲ್ಲ, ಮೊದಲಿನಂತೆಯೇ ಸುಮ್ಮನಾಯಿತು.

ಆ ಹುಣ್ಣಿಮೆಗೆ ಅವಳು ಹೊರಗೆ ಕೂಡಲಿಲ್ಲ. ನಾನು ಕೇಳಿದ್ದಕ್ಕೆ, "ಖರೇ ಕೂತಾದ ಮ್ಯಾಲ ಇನ್ನ ಸುಳ್ಳು ಕೂಡಲಿಕ್ಕೆ ಆಗಂಗಿಲ್ರಿ," ಎಂದಳು. ಮುಂದಿನ ತಿಂಗಳೂ ಕೂಡಲಿಲ್ಲ. ಅವ್ವನ ಕೆನೆ ಮತ್ತೆ ಶುರುವಾಯಿತು. ಆಗ ಅಡಿಗೆಮನೆಯಲ್ಲಿ, ಕೆನೆಯ ಬಟ್ಟಲನ್ನು ಹಿಂದಕ್ಕೆ ಸರಿಸಿ, ಅವಳು ಹೇಳಿಬಿಟ್ಟಳಂತೆ:

"ಅತ್ತೀ, ಆಸೆ ಇಟ್ಕೋಬ್ಯಾಡ್ರಿ. ನಾ ಬಸುರಿ ಅಲ್ಲ. ನಂಗ ಮುಟ್ಟೇ ಬರಂಗಿಲ್ಲ. ಇಷ್ಟು ವರ್ಷ ಸುಳ್ಳೇ ಕೂತೀನಿ."

ಅವ್ವ ಬಟ್ಟಲನ್ನು ಎತ್ತಿಟ್ಟಳಂತೆ. ಮರುದಿನದಿಂದ ಕೆನೆ ನಿಂತಿತು. ಅದು ನನಗೂ ನೆನಪಿದೆ.

ಗುಂಡಗುರ್ತಿಗೆ ಸುದ್ದಿ ಹೇಗೆ ಹೋಯಿತೋ ಕಾಣೆ. ಸೊಸೆ ಹೊರಗಾಗಿಲ್ಲ, ಬಸುರಿಯ ಕಳೆಯೂ ಇಲ್ಲ ಎಂಬುದನ್ನು ಓಣಿಯೇ ಗಮನಿಸಿರಬೇಕು. ಚಳಿಗಾಲದ ಒಂದು ಬೆಳಿಗ್ಗೆ ಸೋದರಮಾವ ಬಂಡಿ ಕಟ್ಟಿಸಿಕೊಂಡು ಬಂದ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು, "ಏನವ್ವ ತಂಗಿ, ಸೊಸಿ ಎಲ್ಲಿ? ನೀರು ಕೊಡಲಿಕ್ಕೂ ಬರವಲ್ಲಳಲ್ಲ," ಎಂದು ಕೂಗಿದ.

"ಅಕಿ ಹೊರಗಾಗ್ಯಾಳ. ನಾನೇ ತರ್ತೀನಿ, ಕೂಡಣ್ಣ," ಎಂದಳು ಅವ್ವ ಒಳಗಿನಿಂದ.

"ಹೊರಗಾಗ್ಯಾಳ? ಮಂದಿ ಬ್ಯಾರೇನೋ ಅನ್ನಾಕತ್ತಾರ?"

"ಮಂದಿ ನಮ್ಮ ಹಿತ್ತಲದಾಗ ಬಂದು ನೋಡ್ಯಾರೇನು?"

ನಾನು ಹಿತ್ತಲ ಕಡೆ ನಡೆದೆ. ಹೆಂಡತಿ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಅವಳು ಹೇಳುವುದು ಹೀಗೆ: ಬಂಡಿಯ ಸದ್ದು ಕೇಳಿದೊಡನೆ ಅತ್ತೆ ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ಹಿತ್ತಲಿಗೆ ಕರೆತಂದಳು, ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆಯನ್ನು ತನ್ನ ಕೈಯಾರೆ ಬಿಡಿಸಿ ಹಾಸಿ, "ಕೂಡು," ಎಂದಳು.

ಅಪ್ಪ ತೀರಿಕೊಂಡ ಮೇಲೆ ಅವ್ವನ ಮಡಿ ಇನ್ನಷ್ಟು ಬಿಗಿಯಾಗಿತ್ತು. ಆ ಕೋಣೆಯ ಹೊಸ್ತಿಲನ್ನು ಕೂಡ ಆಕೆ ತುಳಿಯುತ್ತಿರಲಿಲ್ಲ. ಅಂಥವಳು ಆ ಚಾಪೆಯನ್ನು ಮುಟ್ಟಿದಳೇ? ಕೋಲಿನಿಂದ ಸರಿಸಿರಬಹುದು. ಹೆಂಡತಿ ತನಗೆ ಬೇಕಾದಂತೆ ನೆನಪಿಟ್ಟುಕೊಂಡಿರಬಹುದು. ನಮಗೆ ಮಕ್ಕಳಾಗಲಿಲ್ಲ; ಹಾಗೆ ಉಳಿದವರಿಗೆ ಇಂಥ ಒಂದು ನೆನಪು ಬೇಕಾಗುತ್ತದೆ.

ಆದರೆ ಮಾವ ಉಂಡು ಹೊರಟುಹೋದ ಮೇಲೆ ನಾನು ಬಾವಿಯ ಕಡೆ ಹೋಗಿದ್ದೆ. ಅವ್ವ ಬೆಳಿಗ್ಗೆ ಸ್ನಾನದ ನಂತರ ಒಣಹಾಕಿದ್ದ ಕೆಂಪು ಸೀರೆ ಒಣಗಿತ್ತು. ಅದರ ಪಕ್ಕದಲ್ಲಿ ಅವಳ ಇನ್ನೊಂದು ಸೀರೆ ಆಮೇಲೆ ಹಿಂಡಿ ಹಾಕಿದ್ದು, ನೆಲಕ್ಕೆ ಹಾಸಿದ ಫರ್ಸಿಕಲ್ಲಿನ ಮೇಲೆ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅಂಥ ಚಳಿಯಲ್ಲಿ ಅವಳು ಎರಡನೆಯ ಸಲ ತಲೆಗೆ ನೀರು ಹಾಕಿಕೊಂಡಿದ್ದಳು.