ಮಕ್ಕಳ ಸಂಸತ್ತಿಗೆ ನಾನು ಕೊಟ್ಟ ಅರ್ಜಿ

ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಾನು ಜೀವನದಲ್ಲಿ ಒಂದೇ ಒಂದು ಸಲ ಶಿಫಾರಸಿಗೆ ಹೋಗಿದ್ದೇನೆ, ಅದೂ ಹೈಸ್ಕೂಲಿಗೆ. ರೇಷನ್ ಕಾರ್ಡಿಗಾಗಿ ಮೂರು ಸಲ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಬಂದಾಗಲೂ ಯಾರ ಬಾಗಿಲೂ ತಟ್ಟದವಳು, ಮಗಳ ವಿಷಯ ಬಂದಾಗ ಬುರ್ಖಾ ಹಾಕಿಕೊಂಡು ಹೊರಟೇಬಿಟ್ಟೆ.

ಮಗಳು ಸಮೀನಾ ಇಲ್ಲೇ ತಾವರಗೇರಾದಲ್ಲಿ ಹತ್ತನೆಯ ತರಗತಿ. ಈ ವರ್ಷ ಅವರ ಶಾಲಾ ಸಂಸತ್ತಿನ ಪ್ರಧಾನಮಂತ್ರಿ. ಆ ಚುನಾವಣೆಯನ್ನು ಆಟ ಅಂದುಕೊಳ್ಳಬೇಡಿ. ನಾಮಪತ್ರ, ಪ್ರಚಾರ, ಮಾಸ್ತರರ ಮೊಬೈಲಿನಲ್ಲಿ ಗುಂಡಿ ಒತ್ತಿ ಮತದಾನ, ಕೊನೆಗೆ ಬೆರಳಿಗೆ ಶಾಯಿ ಕೂಡ. ಗೆದ್ದು ಬಂದ ದಿನ ಮನೆಯಲ್ಲಿ ಪಾತ್ರೆ ತೊಳೆಯುವ ಸರದಿ ಪ್ರಧಾನಮಂತ್ರಿಯದೇ ಇತ್ತು. ತೊಳೆದಳು. ಅದಕ್ಕೂ ನಾನು ಅಲ್ಲಾಹನಿಗೆ ಶುಕ್ರು ಹೇಳಿದೆ.

ಅವರ ಶಾಲೆಗೂ ಶ್ರೀರಾಮನಗರದ ಒಂದು ಶಾಲೆಗೂ ವಿನಿಮಯದ ಏರ್ಪಾಡಿದೆ. ಇಲ್ಲಿಯ ಹತ್ತು ಮಕ್ಕಳು ಐದು ದಿನ ಅಲ್ಲಿಯ ಮಕ್ಕಳ ಮನೆಯಲ್ಲಿ ಉಂಡು, ಅವರ ತರಗತಿಯಲ್ಲಿ ಕೂತು ಬರುತ್ತಾರೆ; ಆಮೇಲೆ ಅವರು ಇಲ್ಲಿಗೆ. ನಮ್ಮದು ಸಜ್ಜೆ, ಜೋಳದ ಒಣ ಸೀಮೆ. ಅಲ್ಲಿ ಕಾಲುವೆ, ಕಣ್ಣು ಹಾಯುವಷ್ಟು ಭತ್ತ. ನಾಟಿ ಮಾಡುವ ಕೆಸರಿನಲ್ಲಿ ಒಮ್ಮೆ ಇಳಿಯಬೇಕು ಎಂದು ಸಮೀನಾ ಎಂಟನೆಯ ತರಗತಿಯಿಂದ ಹೇಳುತ್ತಿದ್ದಳು. ಇದೇ ಕೊನೆಯ ಅವಕಾಶ. ಮುಂದಿನ ವರ್ಷ ಆಕೆ ಈ ಶಾಲೆಯಲ್ಲೇ ಇರುವುದಿಲ್ಲ.

ಅಡ್ಡಿ ತಂದುಕೊಂಡವಳೂ ಆಕೆಯೇ. ಹೋದ ವರ್ಷ ಹತ್ತರಲ್ಲಿ ಎಂಟು ಮಂದಿ ಮಂತ್ರಿಗಳೇ ಬಸ್ಸು ಹತ್ತಿದ್ದರಂತೆ. “ನಾ ಗೆದ್ರ ಹತ್ತು ಮಂದಿನ್ನ ಚೀಟಿ ಎತ್ತಿ ಆರಸ್ತೀವಿ, ಮಂತ್ರಿಗಳ ಹೆಸರು ಚೀಟಿಯೊಳಗ ಇರಂಗಿಲ್ಲ” ಎಂದು ಹೇಳಿ ಈಕೆ ಮತ ಕೇಳಿದಳು. ಗೆದ್ದದ್ದೂ ಆ ಮಾತಿನಿಂದಲೇ. ಚೀಟಿ ಎತ್ತಿದ ದಿನ ಮನೆಗೆ ಬಂದು ಹತ್ತು ಹೆಸರುಗಳನ್ನು ನನಗೆ ಓದಿ ಹೇಳಿದಳು. ದನಿ ನೆಟ್ಟಗಿತ್ತು, ಆದರೆ ಬೆನ್ನು ನನ್ನ ಕಡೆ ಇತ್ತು.

ಹೊರಡಲು ಮೂರು ದಿನವಿದ್ದಾಗ ಒಬ್ಬ ಹುಡುಗ, ಅಕ್ಕನ ಮದುವೆ ಗೊತ್ತಾಯಿತೆಂದು ಹೆಸರು ತೆಗೆಸಿದ. ಒಂದು ಜಾಗ ಖಾಲಿ! ಅಲ್ಲಾಹನೇ ಬಾಗಿಲು ತೆರೆದ ಎಂದುಕೊಂಡೆ. ನಮಗೆ ಬೇಕಾದ ಬಾಗಿಲು ತೆರೆದರೆ ಅವನ ಕೆಲಸ, ಬೇಡದ್ದು ತೆರೆದರೆ ಗಾಳಿಯ ಕೆಲಸ ಅನ್ನುವುದು ನನ್ನಂಥವರ ಹಳೆಯ ಚಾಳಿ.

“ಹೋಗು ಹೋಗು, ಪ್ರಧಾನಿ ಅವ್ವ ಬಂದಾಳಂತ ಕುರ್ಚಿ ಹಾಕ್ತಾರ” ಎಂದು ನಮ್ಮ ಮನೆಯವರು ಚುಚ್ಚಿದರು. ಕುರ್ಚಿಯನ್ನೇನೋ ಹಾಕಿದರು. ಹೆಡ್ಮಾಸ್ತರರು ಚಹಾ ತರಿಸಿ ಎಲ್ಲ ಕೇಳಿಸಿಕೊಂಡು, “ಇದು ನನ್ನ ಕೈಯಾಗಿಲ್ರೀ ಅಮ್ಮಾರ, ಸಂಸತ್ತಿನ ಕೈಯಾಗೈತಿ. ಈಗ ಅಧಿವೇಶನ ಐತಿ, ಒಂದು ಅರ್ಜಿ ಬರದ ಕೊಡ್ರಿ” ಎಂದರು. ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡರೆ, ಹಾಳೆ ಮತ್ತು ಪೆನ್ನು ನನ್ನ ಮುಂದಿಟ್ಟರು. ಖಾಲಿ ಜಾಗವನ್ನು ಸಮೀನಾಗೆ ಕೊಡಿ ಎಂದು ಬರೆದು, ಸಂಸತ್ತು ಸೇರಿದ್ದ ತರಗತಿಗೆ ಹೋದೆ.

ಸ್ಪೀಕರ್ ಕುರ್ಚಿಯಲ್ಲಿ ಕೂತಿದ್ದವನು ನಮ್ಮ ಪಕ್ಕದ ಮನೆಯ ಬಸವರಾಜ. ಅವನ ಮೂಗನ್ನು ನನ್ನ ಸೆರಗಿನಿಂದಲೇ ಎಷ್ಟು ಸಲ ಒರೆಸಿದ್ದೇನೋ. ಅವನು ಡಸ್ಟರಿನಿಂದ ಮೇಜು ಕುಟ್ಟಿ, ನನ್ನ ಅರ್ಜಿಯನ್ನು ಗಟ್ಟಿಯಾಗಿ ಓದಿದ. ಮುಂದಿನ ಬೆಂಚಿನಲ್ಲಿದ್ದ ಸಮೀನಾಳ ಮುಖ ಕೆಂಪಗಾಯಿತು.

“ಪ್ರಧಾನಮಂತ್ರಿಗಳು ಹೊರಗ ಹೋಗಬೇಕ್ರಿ,” ಎಂದ ಬಸವರಾಜ. “ಇದು ಅವರದ ವಿಷಯ.”

ಆಕೆ ಎದ್ದು ಹೋದಳು. ಬಾಗಿಲನ್ನು ತಾನೇ ಎಳೆದುಕೊಂಡಳು. ನಾನೂ ಹಲವು ಸಭೆ ನೋಡಿದವಳು: ಮಹಿಳಾ ಸಂಘದ್ದು, ಓಣಿಯ ನಳದ್ದು. ತನ್ನ ಮನೆಯ ವಿಷಯ ಬಂದಾಗ ಹೊರಗೆ ಎದ್ದು ಹೋದವರನ್ನು ಕಂಡಿಲ್ಲ. ಅಲ್ಲೆಲ್ಲ ಅಂಥ ಹೊತ್ತಿನಲ್ಲೇ ಎಲ್ಲರೂ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಮಸೀದಿಯಲ್ಲಿ ಮೊದಲು ಬಂದವನಿಗೆ ಮುಂದಿನ ಸಾಲು, ಸಾವುಕಾರನಾದರೂ ತಡವಾದರೆ ಹಿಂದೆ ಎಂದು ಮನೆಯವರು ಹೇಳುವುದನ್ನು ಕೇಳಿ ಹೆಮ್ಮೆಪಡುತ್ತಿದ್ದೆ. ಅಂಥ ಸಾಲನ್ನು ಕಣ್ಣಾರೆ ಕಂಡದ್ದು ಆ ತರಗತಿಯಲ್ಲಿ.

ವಿರೋಧ ಪಕ್ಷದ ನಾಯಕಿ ರೇಣುಕಾ ಎದ್ದಳು. ಸಮೀನಾಳ ಎದುರು ಸೋತವಳು, ಈಗ ತೀರಿಸಿಕೊಳ್ಳುತ್ತಾಳೆ ಎಂದು ಹೆದರಿದೆ. ಆಕೆ ಮೆತ್ತಗೆ ಕೇಳಿದಳು: “ಚಾಚಿ, ಸಮೀನಾಗ ಭಾಳ ಆಸೆ ಐತಂತ ನಮಗೂ ಗೊತ್ತೈತ್ರಿ. ಆದ್ರ ನಾಳೆ ಆರೋಗ್ಯ ಮಂತ್ರಿ ಅವ್ವಾರು ಬಂದ್ರ ಏನ್ ಹೇಳೂಣ್ರಿ?”

“ಹಂಗಾರ ನನ್ನ ಅರ್ಜಿ ವಾಪಸ್ ಕೊಡಪಾ” ಎಂದೆ.

“ಓದಿದ ಮ್ಯಾಲ ವಾಪಸ್ ಕೊಡಾಕ ಬರಂಗಿಲ್ಲ ಚಾಚಿ, ಮತಕ್ಕ ಹಾಕಬೇಕು.”

ಅರ್ಜಿ ಬೇಡ ಎನ್ನುವವರು ಕೈ ಎತ್ತಿ ಎಂದ ಬಸವರಾಜ. ಎಲ್ಲ ಕೈಗಳೂ ಎದ್ದವು. ನೋಡಿದರೆ ನನ್ನದೂ ಎದ್ದಿದೆ! ಡಸ್ಟರ್ ಮತ್ತೆ ಕುಟ್ಟಿತು. “ಚಾಚಿ, ಕೈ ಇಳಸ್ರಿ. ನೀವು ಸದಸ್ಯರಲ್ಲ.” ಇಡೀ ಸಂಸತ್ತು ಬಿದ್ದು ಬಿದ್ದು ನಕ್ಕಿತು.

ಸಮೀನಾಳನ್ನು ಒಳಗೆ ಕರೆದು ತೀರ್ಮಾನ ತಿಳಿಸಿದರು. “ಸಭೆಗೆ ಧನ್ಯವಾದ” ಎಂದಳು. ಅರೆಗಳಿಗೆ ಕಿಟಕಿಯ ಆಚೆ ನೋಡಿದಳು, ಅಷ್ಟೇ. ಆಮೇಲೆ ಖಾಲಿ ಜಾಗಕ್ಕೆ ಚೀಟಿ ಎತ್ತುವ ಕೆಲಸವೂ ಆಕೆಯದೇ. ಡಬ್ಬಿಯಲ್ಲಿ ಕೈಯಾಡಿಸಿ, ಬಿಡಿಸಿ ಓದಿದಳು: “ಲಕ್ಷ್ಮವ್ವ, ಒಂಬತ್ತನೇ ತರಗತಿ.” ಹಿಂದಿನ ಬೆಂಚಿನಲ್ಲಿ ಒಬ್ಬ ಸಣ್ಣ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮನೆಯ ದಾರಿಯಲ್ಲಿ ಹಿಟ್ಟಿನ ಗಿರಣಿ ದಾಟಿದ ಮೇಲೆ ಸಮೀನಾ ಕೇಳಿದಳು:

“ಎಷ್ಟ ಮಂದಿ ಬ್ಯಾಡ ಅಂದ್ರು ಅಮ್ಮಿ?”

“ಎಲ್ಲಾರೂ. ನಾನೂ ಕೈ ಎತ್ತಿದ್ದೆ.”

ನಿಂತೇಬಿಟ್ಟಳು. “ನೀನೂನ?” ಎಂದು ನಗತೊಡಗಿದಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಅದು ಯಾವ ನೀರು ಎಂದು ನಾನು ಕೇಳಲಿಲ್ಲ.

ಕೇಳಿದ್ದು ಸಿಕ್ಕಾಗ ಎರಡು ರಕಾತಿನ ಶುಕ್ರಾನಾ, ಅಂದರೆ ಕೃತಜ್ಞತೆಯ ನಮಾಜು ಮಾಡುವ ರೂಢಿ ನನ್ನದು. ಕೇಳಿದ್ದು ಸಿಗದೇ ಹೋದದ್ದಕ್ಕೆ ಮಾಡಿದ್ದು ಆ ಸಂಜೆಯೇ ಮೊದಲು. ಇಂಥ ಮಕ್ಕಳ ನಡುವೆ ನನ್ನ ಮಗಳನ್ನು ಇಟ್ಟಿದ್ದೀಯಲ್ಲ ಎಂದು ದುವಾಕ್ಕೆ ಕೈ ಎತ್ತಿದಾಗ, ಆಕೆ ಹೋಗಿದ್ದರೂ ಚೆಂದವಿರುತ್ತಿತ್ತು ಎಂದು ಮನಸ್ಸು ಮೆಲ್ಲಗೆ ಅಂದಿತು. ಅದನ್ನೂ ಅಲ್ಲಾಹನಿಗೆ ಮುಚ್ಚಿಡದೆ ಹೇಳಿದೆ. ಮಗಳ ಮಾತು ಬಂದಾಗ ತಾಯಿಯನ್ನು ಹೊರಗೆ ಕಳಿಸುವ ಸ್ಪೀಕರ್ ಅಲ್ಲಿ ಯಾರೂ ಇಲ್ಲವಲ್ಲ.