ಕೂಗಳತೆಯ ಮನೆ

ಅಂಗೈ ಗೆರೆಗಳಲ್ಲೆಲ್ಲ ಗ್ರೀಸಿನ ಕಪ್ಪು. ಆ ಎರಡು ಕೈಗಳನ್ನು ಬಾಯಿಯ ಸುತ್ತ ದೊನ್ನೆ ಮಾಡಿ ಆಚೆದಿಣ್ಣೆಯ ಸಾಬರು ದಿನಾ ಮುಸ್ಸಂಜೆ ಒಂದು ಕೂ ಹಾಕುತ್ತಿದ್ದರು. ಅದು ಮಂಜಿನಲ್ಲಿ ನೆನೆದು, ಕಾಫಿ ಗಿಡಗಳ ಮೇಲೆ ತೇಲಿ, ಹಳ್ಳ ದಾಟಿ ನನ್ನ ಜಗಲಿಗೆ ಬರುವಷ್ಟರಲ್ಲಿ ಕನಸಿನಲ್ಲಿ ಕೇಳಿದ ದನಿಯಂತಾಗಿರುತ್ತಿತ್ತು. ನಾನು ತಿರುಗಿ ಕೂ ಅನ್ನಬೇಕು. ಎರಡೂ ಮನೆಯಲ್ಲಿ ಎಲ್ಲ ನೆಟ್ಟಗಿದೆ ಎಂದು ಅರ್ಥ.

ಕಳಸದಲ್ಲಿ ಜೀಪ್ ರಿಪೇರಿ ಮಾಡುತ್ತಿದ್ದವರು ಅವರು. ವಯಸ್ಸಾದ ಮೇಲೆ ಸಂಸಾರವನ್ನು ಪೇಟೆಯಲ್ಲೇ ಬಿಟ್ಟು ಕಾಳುಮೆಣಸಿನ ಬಳ್ಳಿ ನೋಡಿಕೊಳ್ಳಲು ದಿಣ್ಣೆಗೆ ಬಂದಿದ್ದರು. ಶಾಲೆಗೆ ಟೀಚರಾಗಿ ಬಂದ ನಾನೂ ಒಂಟಿ. ಮೊಬೈಲ್ ಸಿಗ್ನಲ್ ಇಲ್ಲಿ ಬಂದರೆ ಬಂತು.

ಒಮ್ಮೆ ಶಾಲೆಯ ಪಂಪು ಸರಿಮಾಡಲು ಬಂದ ಸಾಬರು ಕಿಟಕಿಯಿಂದ ಒಳಗೆ ಇಣುಕಿದರು. 'ಕೂಗಳತೆಯ: ಕೂಗಿದರೆ ಕೇಳಿಸುವಷ್ಟು ದೂರದ' ಎಂದು ನಾನು ಬೋರ್ಡಿನ ಮೇಲೆ ಬರೆದಿದ್ದೆ.

"ಕೇಳ್ಸಿದ್ರೆ ಸಾಕಾ ಟೀಚರಮ್ಮ? ಕೇಳಿಸ್ಕಂಡು ಸುಮ್ನೆ ಕೂತ್ರೆ ಏನು ಬಂತು? ಎದ್ದು ಬರ್ಬೇಕು ಮಾರಾಯ್ರೆ."

ಮಕ್ಕಳು ಕಿಸಕ್ಕನೆ ನಕ್ಕವು. ನನಗೆ ಸಿಟ್ಟು ಬಂತು. ನಿಘಂಟಿನಲ್ಲಿ ಇದ್ದದ್ದನ್ನೇ ಬರೆದಿದ್ದೆ. ತಿದ್ದಲು ಇವರು ಯಾರು ಅನ್ನಿಸಿತು.

ಆ ಮಳೆಗಾಲದಲ್ಲೇ ಜ್ವರ ಹಿಡಿದು ಮಲಗಿದೆ. ಸಂಜೆ ಅವರ ಕೂ ಕೇಳಿಸಿತು, ಉತ್ತರಿಸಲು ದನಿ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಜಗಲಿಯಲ್ಲಿ ಸಾಬರು ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಇಂಬಳ ಕೀಳುತ್ತಾ ನಿಂತಿದ್ದರು. ಏನೂ ಕೇಳದೆ ಹೋಗಿ ಜೀಪು ತಂದು, ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು.

ಮೆಣಸು ಕೊಯ್ಲಿನ ಹೊತ್ತಿನಲ್ಲಿ ಒಂದು ಸಂಜೆ ಅವರ ಕೂ ಬರಲಿಲ್ಲ. ನಾನೇ ಕೂಗಿದೆ, ಎರಡು ಸಲ. ದಟ್ಟ ಮಂಜು, ದನಿ ಅದರಲ್ಲೇ ಮುಳುಗಿರಬೇಕು, ಇಲ್ಲವೇ ಕಳಸಕ್ಕೆ ಹೋಗಿರಬೇಕು ಎಂದುಕೊಂಡು ಪರೀಕ್ಷೆಯ ಪೇಪರ್ ತಿದ್ದಲು ಒಳಗೆ ಬಂದೆ. ಬೆಳಿಗ್ಗೆ ಮನಸ್ಸು ತಡೆಯದೆ ಹೋದಾಗ ಮೆಣಸಿನ ಏಣಿಯ ಬುಡದಲ್ಲಿ ಬಿದ್ದಿದ್ದರು. ಮೈಯೆಲ್ಲ ಇಬ್ಬನಿ.

"ಬಂದ್ರಲ್ಲ ಟೀಚರಮ್ಮ," ಅಂದರು. ಅದರಲ್ಲಿ ಒಂದು ಚೂರೂ ಆಕ್ಷೇಪ ಇರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ವಾರದೊಳಗೆ ಹೋಗಿಬಿಟ್ಟರು.

ಬೋರ್ಡಿನ ಮೇಲೆ ಈಗ ಅವರು ಹೇಳಿದ ಅರ್ಥವನ್ನೇ ಬರೆಯುತ್ತೇನೆ. ಬರೆಯುವಾಗ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಸಾಬರ ಮನೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಸಂಸಾರವೊಂದು ಬಂತು. ಹೊಸಬರು, ಇಲ್ಲಿಯ ಪದ್ಧತಿ ತಿಳಿಯದವರು. ಮೊದಲ ದಿನ ಮುಸ್ಸಂಜೆ ಜಗಲಿಯಲ್ಲಿ ನಿಂತು ಕೂ ಹಾಕಿದೆ. ಮಂಜು ಕದಲಲಿಲ್ಲ, ಉತ್ತರವೂ ಬರಲಿಲ್ಲ. ಕೊಡೆ ತೆಗೆದುಕೊಂಡು ಹಳ್ಳದ ಕಡೆ ಇಳಿದೆ.